ಬಾಗಿಲಲ್ಲೇ ನಿಂತ ಟ್ಯಾಕ್ಸಿ

“ನಾವೀಗ ಕೆರೆಯ ತಳದಲ್ಲಿ ಹೋಗುತ್ತಿದ್ದೇವೆ,” ಎಂದರು ಟ್ಯಾಕ್ಸಿ ಡ್ರೈವರ್, ಇಂಗ್ಲಿಷಿನಲ್ಲಿ, ಬಲು ಸಲೀಸಾಗಿ. ಆಮ್ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣ ಬಿಟ್ಟು ಐದು ನಿಮಿಷವೂ ಆಗಿರಲಿಲ್ಲ. ಗಾಬರಿಯಾಗಿ ಹೊರಗೆ ನೋಡಿದರೆ ಬರೀ ಹುಲ್ಲು, ನಾಲ್ಕು ಕುರಿ. ನೀರು ಬಸಿದು ಮಾಡಿಕೊಂಡ ಇಂಥ ನೆಲಕ್ಕೆ ಇಲ್ಲಿ ಪೋಲ್ಡರ್ ಎನ್ನುತ್ತಾರೆ. ಸುತ್ತಲೂ ಕಾಲುವೆ, ನಡುವೆ ತಗ್ಗಿನಲ್ಲಿ ನಿಲ್ದಾಣ. ದ್ವೀಪವನ್ನು ಬೋರಲು ಹಾಕಿದ ಹಾಗೆ. ನಮ್ಮಲ್ಲೂ ಕೆರೆ ಅಂಗಳದಲ್ಲಿ ಸೈಟು ಮಾಡುತ್ತಾರೆ, ಆದರೆ ಒಂದು ದೊಡ್ಡ ಮಳೆ ಬಂದರೆ ಕೆರೆ ತನ್ನ ಜಾಗ ಕೇಳಿಕೊಂಡು ಬರುತ್ತದೆ. ಇವರು ಅದರ ಬಾಯಿ ಮುಚ್ಚಿಸಿಬಿಟ್ಟಿದ್ದಾರೆ.

ಕೊರೊನಾ ಶುರುವಾಗಿ ಒಂದು ವರ್ಷವಾಗಿತ್ತು. ಕರೆದೊಯ್ಯಲು ಯಾರೂ ನಿಲ್ದಾಣಕ್ಕೆ ಬರಬಾರದು ಎನ್ನುತ್ತಿದ್ದ ಕಾಲ. ಅದಕ್ಕೇ ನಾನು, ಮೂರೂವರೆ ವರ್ಷದ ಗೌರಿ ಇಬ್ಬರೇ ಟ್ಯಾಕ್ಸಿ ಹತ್ತಿದ್ದೆವು. ಡ್ರೈವರಿಗೂ ನಮಗೂ ನಡುವೆ ಪ್ಲಾಸ್ಟಿಕ್ ಪರದೆ. ಗಾಳಿಯಾಡಲೆಂದು ಅರ್ಧ ಇಳಿಸಿದ ಕಿಟಕಿಯಿಂದ ಹಲ್ಲು ಕಟಕಟಿಸುವ ಚಳಿ. ಬಾಗಲಕೋಟೆಯಲ್ಲಿ ಆ ಹೊತ್ತಿಗೆ ಫ್ಯಾನು ಹಾಕಿರುತ್ತಾರೆ.

ನನಗೆ ಚಳಿಯ ಚಿಂತೆ ಇರಲಿಲ್ಲ. ನನ್ನ ಪತಿ ಶಿವಾನಂದ ಸಂಶೋಧನೆಯ ಕೆಲಸಕ್ಕೆಂದು ಇಲ್ಲಿಗೆ ಬಂದು ಹದಿಮೂರು ತಿಂಗಳಾಗಿತ್ತು. ಮೂರು ತಿಂಗಳಲ್ಲಿ ನಮ್ಮನ್ನು ಕರೆಸಿಕೊಳ್ಳುವ ಲೆಕ್ಕಾಚಾರ ವಿಮಾನಗಳೊಂದಿಗೇ ನಿಂತುಹೋಗಿತ್ತು. ಅಷ್ಟೂ ದಿನ ಗೌರಿ ಅಪ್ಪನನ್ನು ಕಂಡದ್ದು ಫೋನಿನಲ್ಲಿ ಮಾತ್ರ. ಈಗ ಅವರ ಹತ್ತಿರ ಹೋಗುತ್ತಾಳೋ ಇಲ್ಲವೋ ಎಂಬುದೊಂದೇ ದಾರಿಯುದ್ದಕ್ಕೂ ಕೊರೆಯುತ್ತಿತ್ತು.

ಊರ ನಡುವಿನ ಕಾಲುವೆ ಬೀದಿಯಲ್ಲಿ ಟ್ಯಾಕ್ಸಿ ನಿಂತಾಗ ಶಿವಾನಂದ ಬಾಗಿಲಲ್ಲೇ ಇದ್ದರು. ಮಾಸ್ಕ್ ತೆಗೆದು ಮೊಣಕಾಲೂರಿ ಕುಳಿತರು.

“ಗೌರವ್ವಾ, ನಾನು, ಅಪ್ಪ.”

ಅವಳು ನನ್ನ ಹಿಂದೆ ಸರಿದು ಅಂಗೈ ಚಾಚಿ ಫೋನಿನಷ್ಟು ಅಳತೆ ತೋರಿಸಿದಳು. “ಅಲ್ಲ. ನಮ್ಮಪ್ಪ ಇಷ್ಟ ಅದಾನ.”

ಅವರು ನಕ್ಕರು. ಆದರೆ ಮುಖ ಇಳಿದುಹೋದದ್ದು ನನಗೆ ಕಂಡಿತು. ಸಂಕಟವಾಗಿ, ಗಡಿಬಿಡಿಯಲ್ಲಿ ಬಾಡಿಗೆ ಕೊಟ್ಟು, ಸೂಟ್‌ಕೇಸ್ ಎಳೆದುಕೊಂಡು, ಫೋನಿನಲ್ಲಿ ಕಲಿತ ಡಚ್ಚಿನಲ್ಲಿ ಡ್ರೈವರಿಗೆ “ಇಕ್ ಕೊಮ್” ಎಂದೆ. ಬರುತ್ತೇನೆ ಎಂದರ್ಥ. ಅವರು ತಲೆಯಾಡಿಸಿದರು.

ಇಲ್ಲಿಯ ಮೆಟ್ಟಿಲು ನಮ್ಮ ಅಟ್ಟದ ಏಣಿಗಿಂತ ಕಡಿದು. ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಏದುಸಿರು. ಒಂದೇ ಕೋಣೆ, ಅದರಲ್ಲೇ ಒಲೆ, ಒಲೆಯ ಮೇಲೆ ಉಪ್ಪಿಟ್ಟು. ಶಿವಾನಂದ ನೆಲದ ಮೇಲೆ ಕುಳಿತು ಕಣ್ಣು ಮುಚ್ಚಿ ಮುಖ ಮುಂದೆ ಮಾಡಿದರು. ದಿನವೂ ಫೋನಿನಲ್ಲಿ ಅವರಿಬ್ಬರ ಆಟ ಅದು: ಅವಳು ಗಾಜಿನ ಮೇಲೆ ಅಪ್ಪನ ಮೂಗು ಒತ್ತಬೇಕು, ಅವರು ಹಾರ್ನ್ ಹೊಡೆಯಬೇಕು. ಗೌರಿ ಬಹಳ ಹೊತ್ತು ನಿಂತು ನೋಡಿದಳು. ಆಮೇಲೆ ಬೆರಳು ಚಾಚಿದಳು.

“ಪೀಂ,” ಎಂದರು ಅವರು.

ಅವಳು ಬೆರಳು ನೋಡಿಕೊಂಡಳು. ಮತ್ತೆ ಕೆನ್ನೆ ಮುಟ್ಟಿದಳು. “ಅವ್ವಾ, ಅಪ್ಪ ಬೆಚ್ಚಗ ಅದಾನ,” ಎಂದು ತೊಡೆ ಏರಿ ಕುಳಿತಳು. ನಾನು ಒಲೆಯ ಕಡೆ ತಿರುಗಿ ಅತ್ತುಬಿಟ್ಟೆ.

ಉಪ್ಪಿಟ್ಟು ಮುಗಿಯುವ ಹೊತ್ತಿಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಅದೇ ಡ್ರೈವರ್.

“ಬರ್ತೀನಿ ಅಂದ್ರಲ್ಲಮ್ಮಾ, ಅರ್ಧ ಗಂಟೆಯಾಯ್ತು. ಇನ್ನೂ ಕಾಯಲಾ?” ಎಂದರು ಇಂಗ್ಲಿಷಿನಲ್ಲಿ.

ಶಿವಾನಂದ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಕಡೆ ಹೊರಡುವಾಗ ‘ಹೋಗ್ತೀನಿ’ ಎಂದರೆ ಅಪಶಕುನ, ‘ಬರ್ತೀನಿ’ ಎಂದೇ ಹೊರಡಬೇಕು ಎಂದು ತಿಳಿಸಿ ಹೇಳಿದರು. ನಾನು ನಾಚಿಕೆಯಿಂದ ಕ್ಷಮೆ ಕೇಳಿದೆ. ಆ ಮನುಷ್ಯ ಬೇಸರ ಮಾಡಿಕೊಳ್ಳಲಿಲ್ಲ. “ಹೇಗೂ ಗಿರಾಕಿಗಳಿಲ್ಲ ಬಿಡಿ,” ಎಂದರು.

ಗೌರಿ ಕಿಟಕಿಯಲ್ಲಿ ಕೆಳಗೆ ಇಣುಕಿ ಓಡಿಬಂದಳು. “ಟ್ಯಾಕ್ಸಿ ನಿಂತೈತಿ. ನಡೀರಿ, ಅಪ್ಪ ಸಿಕ್ಕನಲ್ಲ, ಮನಿಗೆ ಹೋಗೂಣು.” ಹೇಳುತ್ತಲೇ ಅಪ್ಪನ ಬೂಟು ಎತ್ತಿಕೊಂಡು ಬಂದು ಅವರ ಕಾಲ ಬಳಿ ಇಟ್ಟಳು.

ನಗು ನಿಂತಿತು. ಮಗು ಏನೆನ್ನುತ್ತಿದೆ ಎಂದು ಡ್ರೈವರ್ ಕೇಳಿದರು.

“ಮನೆಗೆ ಹೋಗೋಣ ಅಂತಿದ್ದಾಳೆ,” ಎಂದೆ.

“ಮನೆಗೆ ಬಂದಾಯ್ತಲ್ಲ ಪುಟ್ಟಿ,” ಎಂದರು ಡ್ರೈವರ್, ಪ್ರೀತಿಯಿಂದಲೇ. ಶಿವಾನಂದ ಅದನ್ನು ಅವಳಿಗೆ ಕನ್ನಡದಲ್ಲಿ ಹೇಳಿದರು.

ಅವಳು ನನ್ನ ಮುಖ ನೋಡಿದಳು, ಹೌದೇನು ಎಂಬಂತೆ. ಅವಳಪ್ಪನೂ ನನ್ನನ್ನೇ ನೋಡಿದರು. ಅವಳ ಮನೆ ಬಾಗಲಕೋಟೆ, ಅವರ ಮನೆ ಈ ಕೋಣೆ; ಇಬ್ಬರಿಗೂ ಒಪ್ಪುವ ಒಂದು ಉತ್ತರ ನನಗೆ ಅಂದು ಹೊಳೆಯಲಿಲ್ಲ, ಇಂದಿಗೂ ಹೊಳೆದಿಲ್ಲ.