ಶೆಡ್ಡಿಗೆ ಬಂದ ಘಟ್ಟ

ಮನೆ ಚೊಕ್ಕಟ ಇಟ್ಟ ತಪ್ಪಿಗೆ ಶಿಕ್ಷೆ ಅನುಭವಿಸಿದವರು ಯಾರಾದರೂ ಇದ್ದರೆ ನನ್ನ ಎದುರಿಗೆ ಬಂದು ಕೂರಲಿ, ಒಂದೊಂದು ಬಸಿ ಚಹಾ ಕುಡಿಯುತ್ತ ಮಾತಾಡೋಣ. ನಾನಂತೂ ಅನುಭವಿಸಿದ್ದೇನೆ. ಕಡೆಗೆ ಗೆದ್ದೂ ಇದ್ದೇನೆ. ಆದರೆ ಗೆಲ್ಲಿಸಿದ್ದು ಇಷ್ಟುದ್ದದ ನನ್ನ ನಾಲಿಗೆಯಲ್ಲ, ನಮ್ಮ ಅತ್ತೆಯ ಕೈ.

ನಮ್ಮೂರು ಬಬಲೇಶ್ವರ ತಾಲ್ಲೂಕಿನಲ್ಲಿ, ಡೋಣಿ ಹೊಳೆಯ ದಂಡೆಗೆ. ವರ್ಷದ ಹೆಚ್ಚಿನ ದಿನ ಆ ಹೊಳೆ ಇದೆಯೋ ಇಲ್ಲವೋ ಎನ್ನುವಂತೆ ಇರುತ್ತದೆ. ಆ ವರ್ಷ ದಸರೆ ಹತ್ತಿರ ಬಂದಾಗ ಒಂದು ಮುಂಜಾನೆ ಹೇಳದೆ ಕೇಳದೆ ನಮ್ಮ ಪಡಸಾಲೆಗೇ ಬಂತು. ಎದೆಮಟ ನೀರು. ಎಮ್ಮೆ ಬಿಚ್ಚಿಕೊಂಡು ನಾನು, ನನ್ನ ಗಂಡ, ಅತ್ತೆ ಉಟ್ಟ ಬಟ್ಟೆಯಲ್ಲೇ ದಿಬ್ಬದ ಮೇಲಿನ ಸಾಲೆ ಸೇರಿದೆವು. ಅದನ್ನೇ ಕಾಳಜಿ ಕೇಂದ್ರ ಮಾಡಿದ್ದರು. ಒಂದೊಂದು ಕೋಣೆಯಲ್ಲಿ ಮೂರು ಮೂರು ಸಂಸಾರ.

ಹೊತ್ತು ಹೊತ್ತಿಗೆ ಅನ್ನ ಸಾರು ಕೊಟ್ಟರು. ಕೊಟ್ಟವರ ಹೊಟ್ಟೆ ತಣ್ಣಗಿರಲಿ. ಆದರೆ ಜೋಳದ ರೊಟ್ಟಿ ಉಂಡು ಬೆಳೆದ ಜೀವಕ್ಕೆ ಬರೀ ಅನ್ನ ಎಲ್ಲಿ ಸಾಲುತ್ತದೆ? ಅತ್ತೆಯಂತೂ ಉಂಡು ಕೈ ತೊಳೆದ ಮೇಲೆ ಊಟ ಯಾವಾಗ ಎಂದು ಕೇಳುತ್ತಿದ್ದರು. ನಾಲ್ಕನೇ ದಿನ ನಿಡೋಣಿ ಊರಿನ ಹೆಣ್ಣುಮಕ್ಕಳು ಬುಟ್ಟಿಗಟ್ಟಲೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದರು. ಅಷ್ಟೂ ಹೊತ್ತು ಸಂತೆಯಾಗಿದ್ದ ಕೋಣೆಯಲ್ಲಿ ಆಮೇಲೆ ರೊಟ್ಟಿ ಮುರಿಯುವ ಸಪ್ಪಳ ಬಿಟ್ಟರೆ ಬೇರೆ ಮಾತಿಲ್ಲ. ಗುರುತು ಪರಿಚಯ ಇಲ್ಲದವರು ನಮಗಾಗಿ ಒಲೆ ಮುಂದೆ ಕೂತು ಬಡಿದ ರೊಟ್ಟಿ ಅದು. ನನಗೆ ಅಳು ತಡೆಯಲಾಗಲಿಲ್ಲ.

ನೀರು ಇಳಿಯಿತು. ಸರ್ವೆಯವರು ಮನೆ ಮನೆಗೆ ಬರುತ್ತಾರೆ, ಇರಲು ಬಾರದ ಮನೆ ಎಂದು ಬರೆದರೆ ದಿಬ್ಬದ ಹೊಲದಲ್ಲಿ ತಗಡಿನ ಶೆಡ್ಡು ಸಿಗುತ್ತದೆ, ಮುಂದೆ ಹೊಸ ಮನೆಗೂ ನೆರವು ಬರುತ್ತದೆ ಎಂದು ಪಂಚಾಯ್ತಿಯವರು ಸಾರಿ ಹೋದರು.

ಇನ್ನು ನಾವು ಮಾಡಿದ ಘನಕಾರ್ಯ ಕೇಳಿ. ನಮ್ಮ ಕಡೆ ಮಹಾನವಮಿ ಅಮಾವಾಸ್ಯೆಯ ಮರುದಿನ ಘಟ್ಟ ಹಾಕುತ್ತಾರೆ. ದೇವರ ಮುಂದೆ ಬುಟ್ಟಿಯಲ್ಲಿ ಮಣ್ಣು ಹರಡಿ, ಕಾಳು ಬಿತ್ತಿ, ನಡುವೆ ನೀರಿನ ಗಡಿಗೆ ಇಟ್ಟು ದೀಪ ಹಚ್ಚುವುದು. ದಸರೆಯವರೆಗೆ ದೀಪ ಆರಬಾರದು, ಘಟ್ಟ ಅಲುಗಬಾರದು. ಕೆಸರು ತುಂಬಿದ ಮನೆಯಲ್ಲಿ ಘಟ್ಟ ಹಾಕುವುದು ಹೇಗೆ ಎಂದು ಅತ್ತೆಗೆ ಚಿಂತೆ. ಮನೆಗೆ ಸಾಹೇಬರು ಬರುವಾಗ ಕೆಸರು ತೋರಿಸುವುದು ಹೇಗೆ ಎಂದು ನನಗೆ ನಾಚಿಕೆ. ಇಬ್ಬರೂ ಸೆರಗು ಕಟ್ಟಿ ಎರಡು ದಿನ ಸೊಂಟ ಬೀಳುವಂತೆ ದುಡಿದೆವು. ರಾಡಿ ಹೊತ್ತು ಹಾಕಿದೆವು, ನೆಲ ಸಾರಿಸಿದೆವು, ಗೋಡೆಗೆ ಮಣ್ಣು ಮೆತ್ತಿ ಸುಣ್ಣ ಬಳಿದೆವು. ಅತ್ತೆ ಮಾತ್ರ ಆ ರಾಡಿಯಲ್ಲೇ ಒಂದು ಬುಟ್ಟಿ ತೆಗೆದಿಟ್ಟುಕೊಂಡರು. ಹೊಳೆಯೇ ಮನೆ ಬಾಗಿಲಿಗೆ ಮಣ್ಣು ತಂದು ಕೊಟ್ಟಿರುವಾಗ ಘಟ್ಟಕ್ಕೆ ಹೊಲದ ಮಣ್ಣು ಯಾಕೆ ಎಂದರು.

ಸರ್ವೆಯವರು ಬಂದರು. ಬಾಗಿಲಲ್ಲಿ ರಂಗೋಲಿ, ಒಳಗೆ ಬೆಳ್ಳಗಿನ ಗೋಡೆ. ಬೇಡ ಬೇಡ ಎಂದರೂ ಬಿಡದೆ ಚಹಾ ಕುಡಿಸಿದೆ. ಮನೆ ಬಹಳ ಚಂದ ಇಟ್ಟಿದ್ದೀರಿ ಎಂದು ಹೊಗಳಿ, ಹೊಸ್ತಿಲ ಹೊರಗೇ ನಿಂತು ಫೋಟೋ ಹೊಡೆದುಕೊಂಡು ಹೋದರು. ನಾನು ಸಂಜೆವರೆಗೂ ಉಬ್ಬಿಕೊಂಡೇ ಇದ್ದೆ.

ಪಕ್ಕದ ಮನೆಯಾಕೆ ಕಸಬರಿಗೆಯನ್ನು ಮುಟ್ಟಿರಲಿಲ್ಲ. ಆಕೆಯ ಸೋಮಾರಿತನದ ಬಗ್ಗೆ ಇಪ್ಪತ್ತು ವರ್ಷದಿಂದ ಊರಿಗೆಲ್ಲ ಹೇಳುತ್ತ ಬಂದವಳು ನಾನು. ಪಂಚಾಯ್ತಿ ಗೋಡೆಗೆ ಶೆಡ್ಡಿನ ಪಟ್ಟಿ ಅಂಟಿಸಿದಾಗ ಆಕೆಯ ಹೆಸರು ಮೇಲೆಯೇ ಇತ್ತು. ನಮ್ಮದು ಎಲ್ಲಿಯೂ ಇರಲಿಲ್ಲ. ಪಟ್ಟಿಯಲ್ಲಿ ಇದ್ದವರು ಶೆಡ್ಡಿಗೆ, ಇಲ್ಲದವರು ಮನೆಗೆ ಎಂದು ಹೇಳಿ ಕಾಳಜಿ ಕೇಂದ್ರ ಮುಚ್ಚಿದರು.

ಅತ್ತೆಗೆ ಅದರಿಂದ ಖುಷಿಯೇ ಆಯಿತು. ಮನೆಗೆ ಬಂದು ಘಟ್ಟ ಹಾಕಿ, ದೀಪ ಕಾಯಲು ಅದರ ಪಕ್ಕದಲ್ಲೇ, ಹಿಂದಿನ ಗೋಡೆಗೆ ಹೊಂದಿಕೊಂಡು ಕೌದಿ ಹಾಸಿಕೊಂಡರು. ಮರುದಿನ ಆ ಗೋಡೆಗೆ ಕೈಯಿಟ್ಟೆ. ಸುಣ್ಣದ ಕೆಳಗೆ ಗೋಡೆ ಬಸುರಿ ಹೊಟ್ಟೆಯಂತೆ ಮುಂದಕ್ಕೆ ಬಂದಿತ್ತು. ಅದು ಬಿದ್ದರೆ ಬೀಳುವುದು ಅತ್ತೆಯ ಮೇಲೆಯೇ. ಹೇಳಿದರೆ, ಘಟ್ಟ ಬಿಟ್ಟು ಏಳುವುದಿಲ್ಲ ಎಂದರು. ಗಂಡ ತಲೆ ಕೆರೆದುಕೊಂಡ. ಅವನು ಕಷ್ಟ ಬಂದಾಗಲೆಲ್ಲ ಮಾಡುವುದು ಅದೊಂದೇ ಕೆಲಸ.

ನಾನು ಬಬಲೇಶ್ವರದ ತಾಲ್ಲೂಕು ಕಚೇರಿಗೆ ಹೋದೆ. ಅಲ್ಲಿಯವರು ವಿಜಯಪುರಕ್ಕೆ ಹೋಗಿ ಎಂದರು. ಬಸ್ಸು ಹತ್ತಿ ಅಲ್ಲಿಗೂ ಹೋದೆ. ಗಾಂಧಿ ಚೌಕದ ತುಂಬ ಹಬ್ಬದ ಗದ್ದಲ. ಒಬ್ಬ ಅಂಗಡಿಯವನು ಹಬ್ಬಕ್ಕೆ ಗೋಡೆಗೆ ಹಚ್ಚಲು ಬಣ್ಣ ನೋಡಿ ಎಂದು ನನ್ನನ್ನೇ ಕರೆಯಬೇಕೇ? ನಾನು ನೋಡಿದ ನೋಟಕ್ಕೆ ಅವನು ತಿರುಗಿ ಡಬ್ಬಿ ಒರೆಸತೊಡಗಿದ.

ಕಚೇರಿಯಲ್ಲಿ ಇದ್ದವರು ಒಬ್ಬ ಹೆಣ್ಣುಮಗಳು, ದೊಡ್ಡ ಅಧಿಕಾರಿ. ನನ್ನ ಮಾತು ಪೂರ್ತಿ ಕೇಳಿ, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ನಮ್ಮ ಮನೆಯ ಫೋಟೋ. ರಂಗೋಲಿ ಎಷ್ಟು ಚಂದ ಬಂದಿತ್ತೆಂದರೆ ಒಂದು ಗಳಿಗೆ ನಾನೇ ಮೈಮರೆತು ನೋಡಿದೆ.

“ಈ ಮನಿಗೆ ಏನಾಗೇತ್ರಿ?” ಎಂದರು.

“ಅದು ಮನಿ ಅಲ್ರಿ ಮೇಡಮ್ಮಾರ. ಹೆಣಕ್ಕ ಸಿಂಗಾರ ಮಾಡೇವ್ರಿ ನಾವು,” ಎಂದೆ. ಹೇಳುತ್ತ ಹೇಳುತ್ತ ಅಳು ಬಂತು, ಸಿಟ್ಟೂ ಬಂತು.

ಅವರು ನಗಲಿಲ್ಲ. ದಸರೆ ಮುಂದೆ ತಮ್ಮ ತಾಯಿಯೂ ಹೀಗೇ ಮಾಡುತ್ತಿದ್ದರು ಎಂದರು. ನಾಳೆಯೇ ಎಂಜಿನಿಯರನ್ನು ಕಳಿಸುತ್ತೇನೆ, ಗೋಡೆ ಕೆರೆದು ಒಳಗೇನಿದೆ ತೋರಿಸಿ ಎಂದರು.

ಎಂಜಿನಿಯರ್ ಹೇಳಿದ ಹೊತ್ತಿಗೆ ಬಂದರು. ಆದರೆ ಅತ್ತೆ ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟಿದ್ದರು. ಘಟ್ಟ ಇರುವವರೆಗೆ ಗೋಡೆಗೆ ಯಾರೂ ಕೈ ಹಚ್ಚುವಂತಿಲ್ಲ, ದೇವರ ಮುಂದೆ ಮನೆ ಕೆರೆಯುವುದು ಎಲ್ಲಿಯಾದರೂ ಉಂಟೇ ಎಂದು ವಾದ. ಎಂಜಿನಿಯರ್ ಗಡಿಯಾರ ನೋಡಿದರು. ಮೇಲೆ ಸುಣ್ಣ ನೋಡಿ ಒಳಗಿನದು ಬರೆಯಲು ತಮಗೆ ಬರುವುದಿಲ್ಲ ಎಂದರು. ಗಂಡ ತಲೆ ಕೆರೆದುಕೊಂಡ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರು ಮಾತಾಡಿದವಳೇ, ಇಲ್ಲವೆನ್ನುವುದಿಲ್ಲ. ಆದರೆ ಅಂದು ಆಡಿದ್ದನ್ನು ಎಂದೂ ಆಡಿರಲಿಲ್ಲ.

“ಈ ಗ್ವಾಡಿ ನಿಮ್ಮ ಮ್ಯಾಲ ಬಿದ್ರ, ನಾ ನಾಳೆ ಯಾರಿಗೆ ರೊಟ್ಟಿ ಬಡೀಲಿರಿ? ಯಾರ ಕೂಡ ಜಗಳಾ ಆಡ್ಲಿ?”

ಅತ್ತೆ ಹೊಲದಲ್ಲಿ ಕಳೆ ತೆಗೆಯುವ ಕುರುಪಿ ಕೊಡು ಎಂದು ಕೈ ಚಾಚಿದರು. ಘಟ್ಟಕ್ಕೆ ಹಣೆ ಹಚ್ಚಿ, ಎದ್ದು ಬಂದು, ತಾವೇ ಗೋಡೆಗೆ ಕುರುಪಿ ಹಾಕಿದರು. ನಾದಿದ ಹಿಟ್ಟಿಗೆ ಬೆರಳು ಹೋದಂತೆ ಅದು ಹಿಡಿಕೆವರೆಗೆ ಒಳಗೆ ಹೋಯಿತು. ಎಳೆದಾಗ ಕಂದು ನೀರು ಒಸರಿತು. ಸುಣ್ಣ ಒಂದು ಮೊಳ ಕಿತ್ತು ಬಂತು, ಹಿಂದೆ ಬಿರುಕು ಕಾಣಿಸಿತು.

“ಎಲ್ಲಾರೂ ಹೊರಗ ನಡೀರಿ, ಈಗಿಂದೀಗ,” ಎಂದರು ಎಂಜಿನಿಯರ್. ಅಲ್ಲಿಂದಲೇ ಮೇಡಮ್ಮಿಗೆ ಫೋನು ಹಚ್ಚಿದರು. ಕೊನೆಯ ಸಾಲಿನಲ್ಲಿ ಒಂದು ಶೆಡ್ಡು ಖಾಲಿ ಇದೆ, ಮೊದಲು ಅಲ್ಲಿಗೆ ಹೋಗಿ, ಕಾಗದಪತ್ರ ಆಮೇಲೆ ಎಂದು ಅಪ್ಪಣೆಯಾಯಿತು.

ಆದರೆ ಅತ್ತೆ ಬರಿಗೈಯಲ್ಲಿ ಹೊರಡುವವರಲ್ಲ. ಐವತ್ತು ವರ್ಷದಲ್ಲಿ ಒಮ್ಮೆಯೂ ಅಲುಗಿಸದ ಘಟ್ಟವನ್ನು ತಾವೇ ಎತ್ತಿ ತಲೆಯ ಮೇಲೆ ಇಟ್ಟುಕೊಂಡರು. ನಾನು ದೀಪ ಹಿಡಿದು, ಸೆರಗು ಮರೆ ಮಾಡಿ ಹಿಂದೆ ನಡೆದೆ. ಎಣ್ಣೆಯ ಬಾಟಲಿ ಗಂಡನ ಕೈಗೆ ಕೊಟ್ಟೆ, ಎರಡೂ ಕೈಗೆ, ತಲೆ ಕೆರೆದುಕೊಳ್ಳಲು ಆಗದ ಹಾಗೆ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಜೊತೆಗೂಡಿದರು. ದಿಬ್ಬ ಏರುವಾಗ ಗಾಳಿ ಬೀಸಿತು, ಎಲ್ಲರೂ ಸೆರಗು ಹಿಡಿದು ದೀಪದ ಸುತ್ತ ನಿಂತರು. ಆರಲಿಲ್ಲ. ನಮಗೆ ಕೊಟ್ಟ ಶೆಡ್ಡಿನ ಬಾಗಿಲಲ್ಲಿ ಪಕ್ಕದ ಮನೆಯಾಕೆ ನಿಂತಿದ್ದಳು. ಮುಂಚೆಯೇ ಓಡಿ ಹೋಗಿ, ನೆಲ ಗುಡಿಸಿ, ನೀರು ಚಿಮುಕಿಸಿ ಇಟ್ಟಿದ್ದಳು. ಇಪ್ಪತ್ತು ವರ್ಷದ ನನ್ನ ಮಾತೆಲ್ಲ ಅಲ್ಲಿಯೇ ನುಂಗಿಕೊಂಡೆ.

ಮೂರನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಊರಿನ ಕಡೆ ದಡ್ ಎಂದು ಸಪ್ಪಳವಾಯಿತು. ಓಡಿ ಹೋಗಿ ನೋಡಿದೆವು. ಹಿಂದಿನ ಗೋಡೆ ಒಳಕ್ಕೆ ಬಿದ್ದಿತ್ತು. ಅತ್ತೆ ಕೌದಿ ಹಾಸುತ್ತಿದ್ದ ಜಾಗದಲ್ಲಿ ನನ್ನ ಎದೆಮಟ ಮಣ್ಣು. ನಾನು ಅಲ್ಲೇ ಕೂತುಬಿಟ್ಟೆ. ಅತ್ತೆ ನನ್ನ ರಟ್ಟೆ ಹಿಡಿದು ಎಬ್ಬಿಸಿದರು, ರೊಟ್ಟಿ ಆರುತ್ತದೆ ನಡಿ ಎಂದರು. ದಾರಿಯುದ್ದಕ್ಕೂ ರಟ್ಟೆ ಬಿಡಲಿಲ್ಲ.

ದಸರೆಯ ದಿನ ಬುಟ್ಟಿಯ ತುಂಬ ಸಸಿ. ಹೊಳೆ ತಂದ ಮಣ್ಣಲ್ಲಿ, ತಗಡಿನ ಬಿಸಿಗೆ, ಗೇಣು ಮೀರಿ ಬೆಳೆದಿದ್ದವು. ಅಷ್ಟೆತ್ತರ ತಾವೂ ಎಂದೂ ಕಂಡಿಲ್ಲ ಎಂದರು ಅತ್ತೆ. ಶೆಡ್ಡು ನೋಡಲು ಬಂದ ಎಂಜಿನಿಯರ್ ಸಾಹೇಬರ ಜೇಬಿಗೆ ದೇವರ ಪ್ರಸಾದವೆಂದು ಒಂದು ಸಸಿ ಸಿಕ್ಕಿಸಿದರು, ಪಕ್ಕದ ಮನೆಯಾಕೆಯ ತುರುಬಿಗೆ ಒಂದು. ಕಡೆಗೆ ಎಲ್ಲಕ್ಕಿಂತ ಉದ್ದದ್ದನ್ನು ಹುಡುಕಿ ನನ್ನ ತುರುಬಿಗೆ ಇಟ್ಟರು.

ಈಗ ದಿಬ್ಬದ ಮೇಲೆ ನಮ್ಮ ಹೊಸ ಮನೆ ಇದೆ, ಕಲ್ಲಿನ ಗೋಡೆ. ಪ್ರತಿ ದಸರೆಗೂ ನಾನು ಸುಣ್ಣದ ಬಕೆಟ್ ಹಿಡಿದು ಬಂದರೆ ಅತ್ತೆ ಮೊದಲು ಗೋಡೆಗೆ ಕೈಯಿಟ್ಟು ಉದ್ದಕ್ಕೂ ಸವರಿ ನೋಡುತ್ತಾರೆ. ಆಮೇಲೆ ಹಚ್ಚು ಎನ್ನುತ್ತಾರೆ.