ಕುಡಿದವನ ವಿವೇಚನೆ

ಡಾಕ್ಟರ್ ವ್ಲಸ್ತಾಳನ್ನು ಕಂಡರೆ ನಮ್ಮೂರಿನವರಿಗೆ ಆಗುತ್ತಿರಲಿಲ್ಲ. ಮೊರಾವಿಯಾದ ಈ ದ್ರಾಕ್ಷಿ ಸೀಮೆಯಲ್ಲಿ ಹುಟ್ಟಿದವಳು ಹಲ್ಲಿನ ಡಾಕ್ಟರಾಗಿದ್ದರೆ ತಲೆಮೇಲೆ ಹೊತ್ತು ಮೆರೆಸುತ್ತಿದ್ದರು. ಇವಳು ಮಾನಸಿಕ ಆಸ್ಪತ್ರೆ ಸೇರಿ, ಅತ್ಯಾಚಾರ ಮಾಡಿ ಕೋರ್ಟಿನಿಂದ ಬಂದ ಗಂಡಸರ ವಾರ್ಡನ್ನೇ ಕೇಳಿ ಪಡೆದಳು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು. ಅಲ್ಲಿ ಚೀಲ ಇಟ್ಟುಕೊಂಡು ಆರಾಮಾಗಿ ನಿದ್ದೆ ಹೊಡೆಯುತ್ತಿದ್ದಳು.

"ಆ ಮೃಗಗಳಿಗೆ ಔಷಧಿ ಬೇರೆ ಕೇಡು! ಗುಂಡು ಹಾಕಿ ಬಿಸಾಕೋದು ಬಿಟ್ಟು" ಎಂದು ನಮ್ಮ ಮೇಯರ್ ಎಲ್ಲರ ಮುಂದೆ ಹೇಳುತ್ತಿದ್ದ.

ಪಕ್ಕದ ಮನೆಯವಳಾದ ನಾನು ಒಮ್ಮೆ ವ್ಲಸ್ತಾಳನ್ನು ಕೇಳಿದ್ದೆ: "ಅವರು ಯಾಕೆ ಹಾಗೆ ಮಾಡ್ತಾರೆ? ಆಸೆ ತಡೆಯೋಕಾಗದೆ ತಾನೆ?"

"ನೀನೂ ಅದನ್ನೇ ಹೇಳ್ತೀಯಲ್ಲೇ!" ಎಂದು ಗದರಿದಳು. "ಆಸೆಯೇ ಕಾಯಿಲೆಯಾಗಿರೋರು ಕೆಲವರಿದ್ದಾರೆ, ಅವರಿಗೆ ಔಷಧಿ ಕೊಡ್ತೀನಿ. ಉಳಿದವರಲ್ಲಿ ಎಷ್ಟೋ ಜನಕ್ಕೆ ಬೇಕಾಗಿರೋದು ಎದುರಿಗಿದ್ದೋಳು ಬಗ್ಗೋದು. ಯಾರ ಮೇಲೋ ಸಿಟ್ಟು, ಎಲ್ಲೋ ಆದ ಅವಮಾನ, ಕೇಳಿದ್ದು ಸಿಗಲೇಬೇಕು ಅನ್ನೋ ಕೊಬ್ಬು. ಆ ಗಳಿಗೇಲಿ ಏನಾಯ್ತು ಅಂತ ನಾನು ಮೊದಲು ಕೇಳೋದೇ ಇಲ್ಲ. ಅದಕ್ಕೆ ಮುಂಚೆ ಏನೇನು ಮಾಡಿದೆ ಹೇಳಪ್ಪ ಅಂತೀನಿ. ಅಲ್ಲಿ ಸಿಕ್ಕಿಬೀಳ್ತಾರೆ."

ಆಮೇಲೆ ಅವಳ ಚಿಕ್ಕಪ್ಪನ ಮಗ ರಾಡೊವಾನ್‌ನನ್ನೇ ಪೊಲೀಸರು ಹಿಡಿದರು. ಅವನ ತೋಟದ ದ್ರಾಕ್ಷಿ ಕೊಯ್ಲಿಗೆ ಯುಕ್ರೇನಿನಿಂದ ಬಂದಿದ್ದ ಹಲೀನಾ, ತನ್ನನ್ನು ಅವರ ಮನೆಯ ವೈನ್ ನೆಲಮಾಳಿಗೆಯಲ್ಲಿ ಕೂಡಿಹಾಕಿ ಅತ್ಯಾಚಾರ ಮಾಡಿದನೆಂದು ದೂರು ಕೊಟ್ಟಿದ್ದಳು. ಅವನು ಇಲ್ಲವೆನ್ನಲಿಲ್ಲ. ಕುಡಿದು ಪ್ರಜ್ಞೆ ಇರಲಿಲ್ಲ, ಏನೂ ನೆನಪಿಲ್ಲ ಎಂದ. ಗುಂಡು ಹಾಕಿ ಎನ್ನುತ್ತಿದ್ದ ಬಾಯಿಗಳೇ ಈಗ "ಪಾಪ, ವೈನ್ ತಲೆಗೇರಿಬಿಡ್ತು" ಎನ್ನತೊಡಗಿದವು. ನನಗೆ ಮೈಯೆಲ್ಲ ಉರಿಯಿತು.

ಅದು ನಡೆದ ಸಂಜೆ ನೆಲಮಾಳಿಗೆಯಲ್ಲಿ ಕುಡಿಯಲು ಸೇರಿದ್ದವರಲ್ಲಿ ಕೊನೆಗೆ ಹೊರಟವಳು ಮೇಯರ್ ಹೆಂಡತಿ ಯಾರ್ಮಿಲಾ. ಅವನು ನಿಲ್ಲಲಾರದಷ್ಟು ಕುಡಿದಿದ್ದ ಎಂದು ಅವಳು ಕೋರ್ಟಿನಲ್ಲಿ ಹೇಳಿಬಿಟ್ಟರೆ ಶಿಕ್ಷೆ ನಾಮಕಾವಾಸ್ತೆ ಆಗಿ, ಮುಂದಿನ ಕೊಯ್ಲಿಗೆ ಆಸಾಮಿ ಊರಲ್ಲಿರುತ್ತಿದ್ದ. ಹಾಗೆಯೇ ಹೇಳಬೇಕೆಂದು ಊರೇ ಅವಳ ಬೆನ್ನು ಹತ್ತಿತ್ತು.

ಸಂತ ಮಾರ್ಟಿನ್ ಹಬ್ಬಕ್ಕೆ ಹೊಸ ವೈನಿನ ರುಚಿ ನೋಡಲು ಜನ ಸೇರಿದ್ದು, ನಾಚಿಕೆ ಬಿಟ್ಟು, ಅದೇ ನೆಲಮಾಳಿಗೆಯಲ್ಲಿ. ವ್ಲಸ್ತಾ ಕರೆಯದೆಯೇ ಬಂದು ಬೆಂಚಿನ ಮೇಲೆ ಕೂತಳು.

"ಅವನಿಗೆ ಕಾಯಿಲೆ ಅಂತ ಕೋರ್ಟಿಗೆ ಒಂದು ಮಾತು ಹೇಳೋಕಾಗಲ್ವೇನೇ ನಿಂಗೆ?" ಎಂದು ರಾಡೊವಾನ್‌ನ ತಾಯಿ ಅನೆಷ್ಕಾ ಗೋಳಾಡಿದಳು. "ನಿನ್ನ ರಕ್ತ ಕಣೇ ಅವನು!"

"ಕಾಯಿಲೆ ಇದ್ದಿದ್ರೆ ಹೇಳ್ತಿದ್ದೆ, ಚಿಕ್ಕಮ್ಮ." ವ್ಲಸ್ತಾ ಮೇಯರ್ ಕಡೆ ತಿರುಗಿದಳು. "ಆವತ್ತು ನೀವೂ ಇದ್ರಲ್ಲ?"

"ಸಂಜೆವರೆಗೂ ಇದ್ದೆ. ಮಧ್ಯಾಹ್ನದಿಂದ್ಲೇ ಜಗ್ಗುಗಟ್ಲೆ ಇಳಿಸಿದ್ದ."

"ನಿಮ್ಮ ಹೆಂಡ್ತೀನೂ ಪಕ್ಕದಲ್ಲೇ ಕೂತಿದ್ರು. ಅವರ ಮೈ ಮುಟ್ಟಿದ್ನಾ?"

"ಏಸು ಮರಿಯಾ! ನನ್ನ ಹೆಂಡ್ತಿ ಮೈ ಮುಟ್ಟೋಕೆ ಅವನಿಗೇನು ಹುಚ್ಚಾ?"

"ನಾನೂ ಅದನ್ನೇ ಹೇಳ್ತಿರೋದು. ಅವನಿಗೆ ಹುಚ್ಚಿಲ್ಲ."

ಮೇಯರ್ ಜಗ್ಗು ಎಳೆದುಕೊಂಡು ತನ್ನ ಗ್ಲಾಸಿಗೆ ಇನ್ನಷ್ಟು ವೈನ್ ಸುರಿದುಕೊಂಡ.

"ಯಾರನ್ನ ಮುಟ್ಟಿದ್ರೆ ಊರು ಸುಮ್ಮನಿರುತ್ತೆ ಅಂತ ಅವನಿಗೆ ಗೊತ್ತಿತ್ತು" ಎಂದಳು ವ್ಲಸ್ತಾ. "ಭಾಷೆ ನೆಟ್ಟಗೆ ಬರದೋಳು, ಅವನು ಕೊಟ್ಟ ಕೋಣೇಲಿ ಮಲಗೋಳು. ಅಷ್ಟು ಕುಡಿದ್ರೂ ಆ ಅಂದಾಜು ತಪ್ಪಲಿಲ್ಲ. ಅದು ಸರಿ ಅಂತ ಈಗ ನೀವೆಲ್ಲ ಸೇರಿ ತೋರಿಸ್ಕೊಡ್ತಿದ್ದೀರಿ."

"ಎದ್ದು ಹೋಗೇ! ಇನ್ನೊಂದ್ಸಲ ನನ್ನ ಹೊಸ್ತಿಲು ತುಳೀಬೇಡ!" ಎಂದು ಅನೆಷ್ಕಾ ಕಿರುಚಿದಳು.

"ಆಗಲಿ ಚಿಕ್ಕಮ್ಮ" ಎಂದಳು. ಆದರೆ ಏಳಲಿಲ್ಲ.

ಯಾರ್ಮಿಲಾ ಕೈಯಲ್ಲಿದ್ದ ಗ್ಲಾಸನ್ನು ಪೀಪಾಯಿಯ ಮೇಲಿಟ್ಟಳು. "ಆವತ್ತು ನಂಗೆ ಕೋಟು ತೊಡಿಸಿದವನು ರಾಡೊವಾನೇ."

"ಬಾಯ್ಮುಚ್ಚು" ಎಂದ ಮೇಯರ್.

"ಕೋಟಿನ ಗುಂಡೀನೂ ಅವನೇ ಹಾಕ್ದ, ಕತ್ತಿನವರೆಗೂ. ಒಂದೂ ತಪ್ಪಲಿಲ್ಲ. ಮೆಟ್ಲು ಜಾರುತ್ತೆ, ಜೋಪಾನ ಅಂತ ದೀಪ ಹಿಡಿದ. ಗ್ಲಾಸು ತೊಳೀತಿದ್ದ ಹಲೀನಾಗೆ ಮಾತ್ರ, ನೀನಿರು ಅಂದ. ನಾನು ಮೇಲೆ ಬಂದ್ಮೇಲೆ ಒಳಗಿಂದ ಅಗುಳಿ ಹಾಕಿದ ಸದ್ದು ಕೇಳಿಸ್ತು."

"ಕೋರ್ಟಲ್ಲೂ ಇದನ್ನ ಹೇಳ್ತೀಯೇನು? ನಾಳೆ ಈ ಊರಲ್ಲಿ ತಲೆಯೆತ್ತಿ ಓಡಾಡೋದು ಬೇಡ್ವಾ?" ಎಂದ ಮೇಯರ್.

"ಹೇಳ್ತೀನಿ" ಎಂದಳು ಯಾರ್ಮಿಲಾ. "ಸದ್ದು ಕೇಳಿಸಿಕೊಂಡೂ ನಾನು ಮನೆಗೆ ಹೋದೆ, ಅದನ್ನೂ ಹೇಳ್ತೀನಿ."