ವಿಶ್ವಾರಾಧ್ಯರು ಹೇಳದ ವರ್ಷ

ಚಂದ್ರಾ ಲೇಔಟ್‌ನ ಕಮಲಾಕ್ಷಮ್ಮ ತಮ್ಮ ಗಂಡನ ಮೂರೂ ಪತ್ತೇದಾರಿ ಕಾದಂಬರಿಗಳನ್ನು ಸ್ವಂತ ಕೈಯಲ್ಲಿ ಬರೆದುಕೊಂಡವರು. ವಿಶ್ವಾರಾಧ್ಯರು ಹಾಲ್‌ನಲ್ಲಿ ಅಡ್ಡಾಡುತ್ತ ಹೇಳುತ್ತಿದ್ದರು, ಈಕೆ ಊಟದ ಮೇಜಿನ ಮೇಲೆ ಬರೆಯುತ್ತಿದ್ದರು. ಗಂಡ ಹೇಳದ ಒಂದು ಪದವನ್ನೂ ಸೇರಿಸಿದವರಲ್ಲ. ಅವರು ತೀರಿಕೊಂಡ ಮೇಲೂ ಸಂಜೆ ಹೊತ್ತು ಆ ಹೆಜ್ಜೆ ಸದ್ದು ನಿಂತಿರಲಿಲ್ಲ. ಅದನ್ನು ಕಮಲಾಕ್ಷಮ್ಮ ಯಾರಿಗೂ ಹೇಳಿರಲಿಲ್ಲ.

ಓದುಗರು ಪುಸ್ತಕಗಳನ್ನು ಪಟ್ಟಿ ಮಾಡುವ ಜಾಲತಾಣವೊಂದರಲ್ಲಿ ಆ ಕಾದಂಬರಿಗಳು ಅದೇ ಹೆಸರಿನ ಯೋಗ ಶಿಕ್ಷಕರೊಬ್ಬರ ಫೋಟೊ ಕೆಳಗೆ ಸೇರಿಕೊಂಡಿದ್ದವು. ಗಂಡನಿಗೆ ಬೇರೆ ಪುಟ ಮಾಡಿಸಬೇಕೆಂದು ಒಂದು ಸಂಜೆ ಮೊಮ್ಮಗಳು ವಚನಾಳ ಲ್ಯಾಪ್‌ಟಾಪ್ ಮುಂದೆ ಕುಳಿತರು. ಊರು, ಓದು, ಹುಟ್ಟಿದ ವರ್ಷ, ಎಲ್ಲವನ್ನೂ ಹಾಲ್‌ನಿಂದ ವಿಶ್ವಾರಾಧ್ಯರೇ ಹೇಳಿದಂತೆ ಕೇಳಿಸಿತು. ಕಮಲಾಕ್ಷಮ್ಮ ಒಂದೊಂದೇ ಅಕ್ಷರ ಒತ್ತುತ್ತ ಹೋದರು. ತೀರಿಕೊಂಡ ವರ್ಷದ ಜಾಗ ಬಂದಾಗ ಬೆರಳು ನಿಂತಿತು.

"ಯಾಕಜ್ಜಿ, ಮರ್ತೋಯ್ತಾ?"

"ಮರೆಯೋದೇನೇ. ಅವರಿನ್ನೂ ಹೇಳಿಲ್ಲ."

"ಅಜ್ಜೀ, ಹೆದರಿಸ್ಬೇಡ! ಅದು ಹಾಕ್ದಿದ್ರೆ ಇಬ್ರೂ ಬೇರೆ ಅಂತ ಸೈಟಿನೋರು ಒಪ್ಪಲ್ಲ. ತಾತನ ಬುಕ್ಸು ಆ ಯೋಗಾ ಅಂಕಲ್ ಹತ್ರಾನೇ ಇರುತ್ತೆ ಅಷ್ಟೆ."

ಕಮಲಾಕ್ಷಮ್ಮ ಹಾಲ್‌ನತ್ತ ತಿರುಗಿ ಬಹಳ ಹೊತ್ತು ಕಾದರು. ಕೊನೆಗೆ, ಯಾರೂ ಹೇಳದ ಆ ನಾಲ್ಕು ಅಂಕಿಗಳನ್ನು ತಾವೇ ಒತ್ತಿದರು. ಹೊಸ ಪುಟ ತೆರೆದುಕೊಂಡಿತು. ಮೇಲೆ ವಿಶ್ವಾರಾಧ್ಯರ ಹೆಸರು, ಕೆಳಗೆ ಮೂರು ಕಾದಂಬರಿಗಳು.

ವಚನಾ ಚಪ್ಪಾಳೆ ತಟ್ಟಿದಳು.

"ಮೊದ್ಲು ಹೋಗಿ ಹಾಲ್ ಲೈಟ್ ಹಾಕೇ," ಎಂದರು ಅಜ್ಜಿ. "ಯಾಕೋ ನಡೆದಾಡೋ ಸದ್ದೇ ಇಲ್ಲ."